ಬಾಲದ ಗುಂಡು

ಏಪ್ರಿಲ್ ತಿಂಗಳ ಕೊನೆಯ ಭಾನುವಾರ, ಬೆಳಗ್ಗೆ ಹತ್ತು ಗಂಟೆ. ದಂಡೇಲಿಯ ನಮ್ಮ ಮನೆಯ ಪಡಸಾಲೆಯಲ್ಲಿ ಹಾಜರಿದ್ದವರು ಮೂವರು: ನಾನು, ನನ್ನ ಹೆಂಡತಿ, ಬೇಸಿಗೆ ರಜೆಗೆ ಹಳಿಯಾಳದಿಂದ ಬಂದಿದ್ದ ಮಗಳ ಮಗಳು. ಟಿವಿಯೊಳಗೆ ನಾಲ್ಕನೆಯದೊಂದಿತ್ತು. ಅದನ್ನು ಹಾಜರಿಗೆ ಸೇರಿಸಬೇಕೋ ಬೇಡವೋ ಎಂಬುದು ಇಂದಿಗೂ ನನಗೆ ತೀರ್ಮಾನವಾಗಿಲ್ಲ.

ಅದು ಮೊಮ್ಮಗಳು ಆಡುತ್ತಿದ್ದ ವಿಡಿಯೊ ಆಟದ ಒಂದು ದೈತ್ಯ. ಅರ್ಧ ಮೊಸಳೆ, ಅರ್ಧ ಕುಂಬಳಕಾಯಿ. ನಮ್ಮ ಅಂಗಳದಷ್ಟಿದ್ದ ಒಂದು ಗ್ರಹದ ಮೇಲೆ ಅದೊಂದೇ ವಾಸ, ಆದರೆ ಗತ್ತು ನೋಡಿದರೆ ಇಡೀ ಆಕಾಶ ಅದರ ಹೆಸರಿನಲ್ಲಿದ್ದಂತಿತ್ತು. ಆಡುವವರ ಕಡೆಯಿಂದ ಒಬ್ಬ ಗಿಡ್ಡ ಗಗನಯಾತ್ರಿ ಇರುತ್ತಾನೆ. ಗಣೇಶಗುಡಿಯ ಹೊಳೆಯಲ್ಲಿ ರಾಫ್ಟಿಂಗಿಗೆ ಇಳಿಯುವ ಪ್ರವಾಸಿಗರಂತೆ ಉಬ್ಬಿದ ಜಾಕೀಟು ತೊಟ್ಟು ಗ್ರಹದಿಂದ ಗ್ರಹಕ್ಕೆ ಜಿಗಿಯುವುದೇ ಅವನ ಉದ್ಯೋಗ. ಅವನ ಕೈಯಲ್ಲಿ ಕತ್ತಿಯಿಲ್ಲ, ಬಂದೂಕಿಲ್ಲ. ದೈತ್ಯನ ಹಗ್ಗದಂಥ ಬಾಲದ ತುದಿಯಲ್ಲೇ ಒಂದು ಕಲ್ಲಿನ ಗುಂಡಿದೆ. ಅದು ತೂಗಿ ಬಂದಾಗ ಒದ್ದರೆ, ತಿರುಗಿ ಹೋಗಿ ದೈತ್ಯನ ತಲೆಗೇ ಬಡಿಯುತ್ತದೆ. ಮೂರು ಪೆಟ್ಟಿಗೆ ದೈತ್ಯನ ಕಥೆ ಮುಗಿಯಿತು.

“ಇದಕ್ಕ ಬಾಸ್ ಅಂತಾರ ಅಜ್ಜಾ,” ಎಂದಳು ಮೊಮ್ಮಗಳು.

“ಬಾಸ್ ಅಂದ್ರ ಸಾಹೇಬ ಹೌದಲ್ಲ? ತನ್ನ ತಲಿ ಒಡಿಯೂ ಗುಂಡು ತಾನ ಕಟಗೊಂಡು ತಿರಗತೈತಿ. ಇದನ್ನ ಸಾಹೇಬ ಮಾಡಿದವರು ಯಾರು?”

ಹಾಗೆ ಕೇಳಿದೆನಾದರೂ ನನಗೆ ಆಶ್ಚರ್ಯವೇನೂ ಆಗಿರಲಿಲ್ಲ. ದುಡಿಯುವ ಕಾಲದಲ್ಲಿ ಇಂಥ ಸಾಹೇಬರನ್ನು ಕಂಡವನು ನಾನು. ಒಬ್ಬರಿಗೆ ಕ್ರೇನಿನ ಸವೆದ ಹಗ್ಗ ಬದಲಿಸಿ ಎಂದು ಅರ್ಜಿ ಕೊಟ್ಟರೆ, ‘ಇದೇ ಸಾಕು’ ಎಂದು ಬರೆದು ದೊಡ್ಡದಾಗಿ ಸಹಿ ಹಾಕುವ ಚಟವಿತ್ತು. ಮುಂದೆ ಹಗ್ಗ ಹರಿದಾಗ ಅವರ ತಲೆಗೆ ಬಡಿದದ್ದು ಆ ಸಹಿಯೇ. ಬಾಲದಲ್ಲಿ ಏನಿದೆ ಎಂದು ಹಿಂತಿರುಗಿ ನೋಡುವ ಅಭ್ಯಾಸ ಅವರಿಗೂ ಇರಲಿಲ್ಲ.

ನಾನು ಮರದ ದಿಮ್ಮಿಗಳ ಯಾರ್ಡಿನಲ್ಲಿ ಮೂವತ್ತು ವರ್ಷ ಕ್ರೇನ್ ಮೇಸ್ತ್ರಿಯಾಗಿದ್ದೆ. ಕ್ರೇನು ಓಡಿಸುವವನು ಮೇಲೆ, ನಾನು ಕೆಳಗೆ, ಬಾಯಲ್ಲಿ ಸೀಟಿ. ಒಂದು ಸಲ ಊದಿದರೆ ಎತ್ತು, ಎರಡು ಸಲ ಊದಿದರೆ ನಿಲ್ಲಿಸು. ತೂಗಾಡುವ ದಿಮ್ಮಿ ನಿಲ್ಲುವ ತನಕ ಯಾರೂ ಅದರ ಹತ್ತಿರ ಸುಳಿಯಬಾರದು. ಈ ಒಂದು ನಿಯಮದಿಂದ ನನ್ನ ಕೈಕೆಳಗಿನವರೆಲ್ಲ ತಮ್ಮ ಕೈಕಾಲುಗಳ ಸಮೇತ ನಿವೃತ್ತರಾದರು. ನಿವೃತ್ತಿಯ ನಂತರವೂ ಸೀಟಿ ನನ್ನ ಅಂಗಿಯ ಜೇಬಿನಲ್ಲೇ ಉಳಿಯಿತು. ಮೊದಲಿನಂತೆಯೇ ದಿನಾ ಬೆಳಗ್ಗೆ ಐದೂವರೆಗೆ ಮನೆಯಲ್ಲಿ ಊದುತ್ತಿದ್ದೆ, ಮನೆ ಏಳುತ್ತಿತ್ತು.

ಮೊಮ್ಮಗಳ ತಕರಾರು ಇದ್ದದ್ದು ಆ ಸೀಟಿಯ ಮೇಲೆಯೇ.

“ನೀ ಈ ಬಾಸನ್ನ ಸೋಲಿಸಿದ್ರ ನಾ ದಿನಾ ಐದೂವರಿಗೆ ಏಳ್ತೀನಿ. ಸೋತಿ ಅಂದ್ರ ರಜೆ ಮುಗಿಯೂತನಕ ಸೀಟಿ ಬಂದ್. ಐದು ಜೀವ ಕೊಡ್ತೀನಿ, ಅಂದ್ರ ಐದು ಸಲ ಆಡಬಹುದು.”

“ಐದು ಯಾಕ? ಒಂದ ಸಾಕು,” ಎಂದೆ. ಒಂದು ಕುಂಬಳಕಾಯಿಗೆ ಹೆದರುವ ಗಂಡಸಲ್ಲ ನಾನು. ಆದರೂ ಅವಳು ಐದು ಕೊಟ್ಟಳು. ಅವಳಿಗೆ ನನ್ನ ಪರಿಚಯವಿತ್ತು.

ಆಟದ ರಿಮೋಟು ಹಿಡಿದೆ. ಗುಂಡು ತೂಗಿ ಬಂತು. ನಾನು ನಮ್ಮ ಗಿಡ್ಡನನ್ನು ಶಿಸ್ತಾಗಿ ಹತ್ತು ಹೆಜ್ಜೆ ಹಿಂದಕ್ಕೆ ಸರಿಸಿ, ಗುಂಡು ನಿಲ್ಲಲಿ ಎಂದು ಕಾದೆ. ದೈತ್ಯ ಬಂದು ಅವನನ್ನು ತುಳಿಯಿತು. ಎರಡನೆಯ ಜೀವದಲ್ಲಿ ಇನ್ನೂ ದೂರ ಸರಿಸಿದೆ. ಗ್ರಹ ಗುಂಡಗಿದ್ದುದರಿಂದ ದೂರ ಹೋದವನು ದೈತ್ಯನ ಮೂತಿಯ ಮುಂದೆಯೇ ಹೋಗಿ ನಿಂತ. ಮೂರನೆಯದೂ ಕಾಯುತ್ತಲೇ ಹೋಯಿತು.

“ಅಜ್ಜಾ, ಅದು ನಿಲ್ಲಂಗಿಲ್ಲ. ತೂಗಾಡಾಕತ್ತಾಗನ ಒದಿಬೇಕು.”

“ತೂಗೂ ಮಾಲಿಗೆ ಕಾಲ್ ಹಚ್ಚಂದ್ರ? ನಿಮ್ಮ ಆಟ ಮಾಡಿದವರು ಒಂದ ದಿನಾನೂ ಯಾರ್ಡ್ ಕಂಡಿಲ್ಲ.”

ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. “ಹಿಂದ ಸರಿಯೂದು ಸಾಕ್ ಮಾಡ್ರಿ. ನಿಮ್ಮನ್ನ ನೋಡಿ ಆ ಮೊಸಳಿ ಸುದ್ದಾ ಬ್ಯಾಸರಾಗೇತಿ.”

ನಾಲ್ಕನೆಯ ಜೀವದಲ್ಲಿ ಕಣ್ಣು ಮುಚ್ಚಿ ಒದ್ದೆ. ಗುಂಡು ಸೊಟ್ಟ ಹೋಗಿ ತಿರುಗಿ ಬಂದು ನಮ್ಮವನಿಗೇ ಬಡಿಯಿತು. ಆದರೆ ಒದೆಯುವುದು ಹೇಗೆಂದು ತಿಳಿಯಿತು.

ಐದನೆಯದು. ಗುಂಡು ಬಂತು, ಒದ್ದೆ. ದೈತ್ಯನ ತಲೆಗೆ ಬಿತ್ತು. ಮತ್ತೆ ಬಂತು, ಮತ್ತೆ ಒದ್ದೆ. ಅದರ ಕಣ್ಣ ಮುಂದೆ ನಕ್ಷತ್ರಗಳು ತಿರುಗಿದವು. ಐದೂವರೆಗೆ ಏಳಬೇಕಾದವಳ ಮುಖ ಸಣ್ಣದಾಯಿತು. ನನಗೆ ಆ ಸಹಿಯ ಸಾಹೇಬರು ನೆನಪಾಗಿ ಬಹಳ ಸಂತೋಷವಾಗಿತ್ತು. ಇನ್ನೊಂದೇ ಪೆಟ್ಟು.

ದೈತ್ಯನಿಗೆ ಸಿಟ್ಟು ಬಂತು. ಗುಂಡು ಈ ಸಲ ದುಪ್ಪಟ್ಟು ವೇಗದಲ್ಲಿ, ಪರದೆ ತುಂಬ ದೊಡ್ಡದಾಗಿ, ನೇರ ನನ್ನ ಮೇಲೆಯೇ ಬಂತು. ಆಗ ನಾನು ಮಾಡಿದ್ದನ್ನು ಮರೆಮಾಚದೆ ಬರೆಯುತ್ತೇನೆ. ರಿಮೋಟು ನೆಲಕ್ಕೆ ಬಿಟ್ಟೆ. ಜೇಬಿನಿಂದ ಸೀಟಿ ತೆಗೆದು, ಎದ್ದು ನಿಂತು, ಬಲಗೈ ಮೇಲೆತ್ತಿ ಎರಡು ಸಲ ಜೋರಾಗಿ ಊದಿದೆ.

ಹೊರಗೆ ರಸ್ತೆಯಲ್ಲಿ ಒಬ್ಬ ತನ್ನ ಸ್ಕೂಟರು ನಿಲ್ಲಿಸಿದ. ಗುಂಡು ನಿಲ್ಲಲಿಲ್ಲ.

ಗಿಡ್ಡ ಗಗನಯಾತ್ರಿ ತಲೆಕೆಳಗಾಗಿ ಆಕಾಶದಲ್ಲಿ ಕರಗಿಹೋದ. ಕುಂಬಳಕಾಯಿ ಕುಣಿಯಿತು. ಮೊಮ್ಮಗಳು ನಗು ನಿಲ್ಲಿಸಿ ಮಾತಾಡಲು ಸ್ವಲ್ಪ ಹೊತ್ತು ಬೇಕಾಯಿತು.

“ಅಜ್ಜಾ, ಅದಕ್ಕ ಕಿವಿ ಇಲ್ಲ.”

“ಎಷ್ಟೋ ಸಾಹೇಬರಿಗೆ ಇರಲಿಲ್ಲ,” ಎಂದೆ.

ನನ್ನ ಹೆಂಡತಿ ಮಾತ್ರ ನಗಲಿಲ್ಲ. ಕೈಯ ಹಿಟ್ಟು ಉದುರಿಸುತ್ತ, “ಹಂಗಾದ್ರ ನಾಳಿಂದ ನಾನೂ ಏಳಕ್ಕ ಏಳ್ತೀನಿ. ಮದಿವಿ ಆದಾಗಿಂದ ಸೀಟಿಗೆ ಎದ್ದೇನಿ. ನನಗೊಂದು ಆಟ ಕೊಟ್ಟು ಪಂಥ ಕಟ್ಟಿಸಿದವರು ಯಾರೂ ಬರಲಿಲ್ಲ,” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಬಗ್ಗಿ ರಿಮೋಟು ಎತ್ತಿಕೊಂಡು ಒರೆಸಿದೆ.

ಸಂಜೆ ನನಗಾಗಿ ಕೆಲಸಗಳ ಪಟ್ಟಿ ಬರೆದುಕೊಂಡೆ. ಚಹಾಪುಡಿ, ಸಕ್ಕರೆ ಎಲ್ಲಿವೆ ಎಂದು ಕೇಳಿ ತಿಳಿದುಕೊಳ್ಳುವುದು. ಮುಂಜಾನೆ ನಾನೇ ಚಹಾ ಕಾಸುವಾಗ ಸದ್ದಾಗದ ಹಾಗೆ ಪಾತ್ರೆಯೊಂದನ್ನು ಒಲೆಯ ಮೇಲೆ ಈಗಲೇ ಇಡುವುದು. ಎರಡೂ ಆದವು. ಕೊನೆಗೆ ಸೀಟಿಯನ್ನು ತೊಳೆದು, ಒರೆಸಿ, ಹಳೆಯ ಕರವಸ್ತ್ರದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಮೊಮ್ಮಗಳು ಕೈ ಚಾಚಿ ನಿಂತಿದ್ದಳು. ಕೀಲಿಯನ್ನು ಅವಳಿಗೆ ಕೊಡದೆ, ಒಳಗೆ ಹೋಗಿ ಅವಳ ಅಜ್ಜಿಯ ಕೈಗೆ ಕೊಟ್ಟೆ. ಆಗ ರಾತ್ರಿ ಎಂಟು ಗಂಟೆ ಹತ್ತು ನಿಮಿಷ.