ಶನಿವಾರದ ಬೆಲೆ, ಸೋಮವಾರದ ಬಚ್ಚಲು

ಈ ವರ್ಷದ ಮಾರ್ಚ್ ಹದಿನಾರು, ಸೋಮವಾರ ಬೆಳಿಗ್ಗೆ ಮೇಸ್ತ್ರಿಯ ಸುತ್ತಿಗೆ ಲಿಫ್ಟಣ್ಣನ ಮನೆಯ ಬಚ್ಚಲಿನ ಗೋಡೆಗೆ ಬಿತ್ತು. ಅದೇ ಮಧ್ಯಾಹ್ನದೊಳಗೆ ಟೈಲ್ಸ್ ಅಂಗಡಿಯ ಮಾಲೀಕ, ಹಿಂದಿನ ಶನಿವಾರ ತಾನೇ ಬಾಯಿಬಿಟ್ಟು ಹೇಳಿದ್ದ ಬೆಲೆಯನ್ನು ನುಂಗಿ ನೀರು ಕುಡಿದಿದ್ದ. ಟೈಲ್ಸಿಗೆ, ಪೈಪಿಗೆ, ನಲ್ಲಿಗೆ, ಎಲ್ಲಕ್ಕೂ ಐದರಲ್ಲೊಂದು ಪಾಲು ಹೆಚ್ಚು. ಶನಿವಾರ ಅಂಗಡಿಯಲ್ಲಿದ್ದ ಪೆಟ್ಟಿಗೆಗಳೇ ಸೋಮವಾರವೂ ಇದ್ದವು. ಅದೇ ಮೂಲೆ, ಮೇಲೆ ಅದೇ ಧೂಳು. ನಡುವೆ ಬದಲಾದದ್ದು ಒಂದೇ ಸಂಗತಿ: ಕೊಳ್ಳುವವನ ಮನೆಯಲ್ಲಿ ಈಗ ಬಚ್ಚಲಿರಲಿಲ್ಲ.

ಲಿಫ್ಟಣ್ಣ ಎಂಬುದು ಕಚೇರಿಯವರು ಇಟ್ಟ ಹೆಸರು. ಏಳು ಮಹಡಿಯ ಕಟ್ಟಡವೊಂದರಲ್ಲಿ ಮೂವತ್ತನಾಲ್ಕು ವರ್ಷ ಲಿಫ್ಟಿನೊಳಗಿನ ಸ್ಟೂಲಿನ ಮೇಲೆ ಕುಳಿತು ಗುಂಡಿ ಒತ್ತಿದ ಮನುಷ್ಯ. ಎಂತೆಂಥ ಅಧಿಕಾರಿಗಳನ್ನು ಮೇಲಕ್ಕೆ ಒಯ್ದು, ನಿವೃತ್ತಿಯ ಸಂಜೆ ಉಡುಗೊರೆಯ ಗೋಡೆ ಗಡಿಯಾರದ ಸಮೇತ ಅವರನ್ನು ಕೆಳಕ್ಕಿಳಿಸಿದವನು. ಹೀಗಾಗಿ ಮೇಲೇರಿದ್ದೆಲ್ಲ ಒಂದಲ್ಲ ಒಂದು ಹೊತ್ತಿಗೆ ಇಳಿದೇ ತೀರುತ್ತದೆಂದು ಅವನು ಪ್ರಾಮಾಣಿಕವಾಗಿ ನಂಬಿದ್ದ. ಈ ನಂಬಿಕೆಯ ಬಲದಿಂದಲೇ ಬಚ್ಚಲಿನ ಕೆಲಸವನ್ನು ಎರಡು ವರ್ಷ ಮುಂದೂಡಿ, ಸಿಮೆಂಟಿನ ಬೆಲೆ ಇಳಿಯಲೆಂದು ಕಾದ. ಸಿಮೆಂಟು ಹತ್ತಿದ ಲಿಫ್ಟಿಗೆ ಕೆಳಗಿಳಿಯುವ ಗುಂಡಿಯನ್ನೇ ಇಟ್ಟಿರಲಿಲ್ಲ.

ಇನ್ನು ಕಾಯಲಾಗದು ಎಂಬ ಸ್ಥಿತಿ ಬಂದದ್ದು ಅಕ್ಕನಿಂದ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ತಮ್ಮನನ್ನು ಎಂಟನೆಯ ತರಗತಿಯವರೆಗೆ ಓದಿಸಿದವಳು ಅವಳು. ಅಲ್ಲಿಗೇ ನಿಂತದ್ದರಲ್ಲಿ ಅವಳ ತಪ್ಪೇನೂ ಇಲ್ಲ. ಮದುವೆಯಾಗದೆ ತಮ್ಮನ ಮನೆಯಲ್ಲೇ ಉಳಿದ ಆಕೆ ಜನವರಿಯಲ್ಲಿ ಬಚ್ಚಲಿನ ಮೆಟ್ಟಿಲು ತಪ್ಪಿ ಸೊಂಟ ಮುರಿದುಕೊಂಡಳು. ಈಗ ವಾಕರ್ ಹಿಡಿದು ನಡೆಯುತ್ತಾಳೆ. ಆ ವಾಕರ್ ಬಚ್ಚಲಿನ ಬಾಗಿಲಲ್ಲಿ ತೂರದು; ತೂರಿದರೂ ಮೆಟ್ಟಿಲು ಇಳಿಯದು. ಅಡುಗೆಮನೆಯ ಮೂಲೆಗೆ ಹಳೆಯ ಸೀರೆಯ ಪರದೆ ಕಟ್ಟಿ, ತಮ್ಮನ ಹೆಂಡತಿಯೇ ಅವಳಿಗೆ ನೀರು ಹಾಕುತ್ತಿದ್ದಳು.

"ಆ ಕಡೆ ಅನ್ನ ಬೇಯ್ತಿದೆ, ಈ ಕಡೆ ನಾನು ಬೇಯ್ತಿದೀನಿ. ಬಡಿಸುವಾಗ ನೋಡ್ಕೊಂಡು ಬಡಿಸಮ್ಮ," ಎಂದು ಮೊದಮೊದಲು ಅಕ್ಕ ತಮಾಷೆ ಮಾಡುತ್ತಿದ್ದಳು. ಬರಬರುತ್ತ ತಮಾಷೆ ನಿಂತಿತು. ಕಂಡವರ ಕೊಳೆಯನ್ನೆಲ್ಲ ಜನ್ಮವಿಡೀ ತೊಳೆದವಳು "ಇವತ್ತು ಸ್ನಾನ ಬೇಡ ಬಿಡು" ಎನ್ನತೊಡಗಿದಳು. ಒಬ್ಬಳೇ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು ಮೀಯುವುದು, ಅವಳಿಗೆ ಬೇಕಾಗಿದ್ದದ್ದು ಅಷ್ಟು ಮಾತ್ರ. ಲಿಫ್ಟಣ್ಣ ಮೇಸ್ತ್ರಿಯನ್ನು ಕರೆಸಿದ.

ಸೋಮವಾರ ಅಂಗಡಿಯವನು ಅವನ ಮುಖ ನೋಡಲಿಲ್ಲ, ಕಾಲು ನೋಡಿದ. ಚಪ್ಪಲಿಯ ತುಂಬ ಗಾರೆಯ ಪುಡಿ.

"ಒಡೆಸಿಬಿಟ್ರಾ ಯಜಮಾನ್ರೇ?"

"ಬೆಳಿಗ್ಗೇನೇ."

"ಒಳ್ಳೇದಾಯ್ತು. ರೇಟು ಒಂಚೂರು ಏರಿದೆ."

"ಶನಿವಾರ ನೀವೇ ಹೇಳಿದ್ರಲ್ಲ?"

"ಅದು ಶನಿವಾರದ್ದು. ಕಂಪನಿಯೋರು ಡೀಸೆಲ್ ಅಂತಾರೆ, ಯುದ್ಧ ಅಂತಾರೆ. ನಾನೇನ್ಮಾಡ್ಲಿ?"

"ಈ ಪೆಟ್ಟಿಗೆ ಯಾವ ಯುದ್ಧಕ್ಕೆ ಹೋಗಿತ್ತು ಸ್ವಾಮಿ? ಇಲ್ಲೇ ಕೂತಿತ್ತಲ್ಲ."

ಮಾಲೀಕ ಫೋನು ಬಂದವನಂತೆ ಒಳಗೆ ಹೋದ.

ಲಿಫ್ಟಣ್ಣನಿಗೆ ಗುಟ್ಟು ಹೊಳೆಯಿತು. ಪಕ್ಕದ ಮನೆಯಲ್ಲಿ ಸ್ನಾನ ಮಾಡಿ, ಇಸ್ತ್ರಿಯ ಅಂಗಿ ತೊಟ್ಟು, ಬೂಟಿಗೆ ಪಾಲಿಶ್ ಹಾಕಿ, ಮನೆಯಲ್ಲಿ ಒಂದು ಇಟ್ಟಿಗೆಯೂ ಅಲುಗದವನ ಗತ್ತಿನಲ್ಲಿ ಇನ್ನೊಂದು ಅಂಗಡಿಗೆ ಹೋದ. "ಸುಮ್ನೆ ವಿಚಾರಿಸೋಣ ಅಂತ ಬಂದೆ, ಅವಸರವೇನಿಲ್ಲ," ಎಂದ. ಅಲ್ಲಿಯ ಹುಡುಗಿ ನಿಜಕ್ಕೂ ಕಡಿಮೆ ಬೆಲೆ ಹೇಳಿದಳು. ಬರೆದುಕೊಡಲು ಪೆನ್ನು ತೆಗೆದವಳು ತಲೆಯೆತ್ತಿ ನೋಡಿದಳು.

"ಸಾರ್, ಹುಬ್ಬಲ್ಲಿ ಸಿಮೆಂಟು."

ಪೆನ್ನು ಮುಚ್ಚಿತು. ಬೆಲೆ ಏರಿತು.

ಸೋತು ಬಂದ ತಮ್ಮನ ವರದಿಯನ್ನು ಅಕ್ಕ ಕೊನೆಯವರೆಗೆ ಕೇಳಿದಳು. "ಮೂವತ್ತನಾಲ್ಕು ವರ್ಷ ಕೂತೇ ಸಂಬಳ ತಗೊಂಡೆ ಪುಟ್ಟ, ಆದ್ರೂ ಕೂತು ಕೆಲಸ ಸಾಧಿಸೋದು ಕಲೀಲಿಲ್ಲ," ಎಂದಳು. "ನಾಳೆ ಒಂದು ಗಾಡಿ ತರಿಸು."

ಮಂಗಳವಾರ ಅಕ್ಕ ಮೊದಲಿನ ಅಂಗಡಿಗೆ ಹೋದಳು. ಒಳಗೆ ಕುರ್ಚಿಯಿರಲಿಲ್ಲ. ಬೀದಿಯ ಕಡೆಯ ಗಾಜಿನ ಹಿಂದೆ ಬಿಳಿಯ ಕಮೋಡೊಂದು ಥಳಥಳ ಹೊಳೆಯುತ್ತಿತ್ತು. ಅಕ್ಕ ಅದರ ಮುಚ್ಚಳದ ಮೇಲೆ ಬೀದಿಗೆ ಮುಖಮಾಡಿ ಕುಳಿತು, ವಾಕರನ್ನು ಗೇಟಿನಂತೆ ಮುಂದಿಟ್ಟುಕೊಂಡಳು. ಲಿಫ್ಟಣ್ಣನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಅಮ್ಮ, ಅದು ಕೂರೋಕಲ್ಲ," ಎಂದ ಮಾಲೀಕ.

"ಮತ್ತೇನಕ್ಕಪ್ಪ?"

"ಜನ ನೋಡ್ತಾರೆ, ಏಳಿ."

"ನೋಡ್ಲಿ. ನಮ್ಮನೇದು ನಿನ್ನೆ ಒಡೆದಾಯ್ತು. ಶನಿವಾರದ ರೇಟು ಹೇಳು, ಎದ್ದೇಳ್ತೀನಿ. ಅಲ್ಲೀವರೆಗೆ ಪೇಪರ್ ಇದ್ರೆ ಕೊಡು, ನನಗೆ ಓದೋ ಅಭ್ಯಾಸ."

ಅಷ್ಟರಲ್ಲಿ ಗಂಡಹೆಂಡತಿ ಇಬ್ಬರು ಕೊಳ್ಳಲು ಬಂದರು. ಹೆಂಡತಿ ಅನುಮಾನದಿಂದ ಕೇಳಿದಳು: "ಅಜ್ಜಿ, ಇದು ಹೇಗಿದೆ?"

"ಇದು ಗಟ್ಟಿಯಾಗಿದೆ ಮಗಳೇ. ಇವರ ಮಾತೇ ಅಲ್ಲಾಡುತ್ತೆ. ಒಡೆಸೋ ಮುಂಚೆ ಬರೆಸ್ಕೊಳ್ಳಿ."

ಅವರಿಬ್ಬರೂ ಬಂದ ದಾರಿ ಹಿಡಿದರು. ಗಾಜಿನಾಚೆ ನಿಂತು ನೋಡುವವರು ಹೆಚ್ಚಾದಂತೆ ಮಾಲೀಕನ ಬೆವರಿಳಿಯಿತು.

"ಟೈಲ್ಸು, ಪೈಪು, ನಲ್ಲಿ ಶನಿವಾರದ ರೇಟಿಗೇ ತಗೊಳ್ಳಿ ತಾಯಿ," ಎಂದ ಕೊನೆಗೆ. "ಸಿಮೆಂಟು ಮಾತ್ರ ನನ್ನ ಕೈಲಿಲ್ಲ. ಲಾರಿ ಬರೋ ಹೊತ್ತಿಗೆ ಏರಿರುತ್ತೆ. ಏನಾದ್ರೂ ಕೇಳಿದ್ರೆ ಕಂಪನಿಯೋರು ಮುಂದಿನ ಲೋಡೇ ಕಳಿಸಲ್ಲ."

ಲಿಫ್ಟಣ್ಣ ಆ ಮುಖವನ್ನು ನೋಡಿದ. ಮೇಲಿನ ಮಹಡಿಯಲ್ಲಿ ಬೈಸಿಕೊಂಡು ಇಳಿಯುವವರ ಮುಖ ಅವನಿಗೆ ಚೆನ್ನಾಗಿ ಪರಿಚಯ. ಇದು ಅದೇ. ಅವನು ಅಕ್ಕನ ತೋಳು ಹಿಡಿದು ಎಬ್ಬಿಸಿದ.

ಸಿಮೆಂಟು ತಿಂದ ಹಣಕ್ಕೆ ಗೋಡೆಯ ಟೈಲ್ಸು ಬಲಿಯಾಯಿತು. ಮೆಟ್ಟಿಲು ಹೋಯಿತು, ಬಾಗಿಲು ಅಗಲವಾಯಿತು, ನೆಲ ಪೂರ್ತಿಯಾಯಿತು. ಗೋಡೆಗೆ ಟೈಲ್ಸ್ ಮೊಣಕಾಲೆತ್ತರಕ್ಕೆ ನಿಂತು, ಮೇಲೆಲ್ಲ ಬರೀ ಗಾರೆ. ಏಪ್ರಿಲ್ ಎರಡರಂದು ಅಕ್ಕ ವಾಕರ್ ತಳ್ಳಿಕೊಂಡು ಒಳಹೋಗಿ ಚಿಲಕ ಹಾಕಿದಳು. ನೀರಿನ ಸದ್ದು ನಿಲ್ಲಲೇ ಇಲ್ಲ.

ತಮ್ಮನ ಹೆಂಡತಿ ಬಾಗಿಲು ತಟ್ಟಿದಳು. "ಅತ್ತಿಗೆ, ಇದೀರಾ?"

"ಇದೀನಿ. ಯಾರೂ ಬರ್ಬೇಡಿ."

"ಗೋಡೆ ಹಾಗೇ ಉಳೀತಲ್ಲ ಅಕ್ಕ," ಎಂದು ಲಿಫ್ಟಣ್ಣ ಹೊರಗಿನಿಂದಲೇ ಪೇಚಾಡಿದ.

"ನಾನೇನು ಗೋಡೆ ಹತ್ತಿ ಮೀಯ್ತೀನೇನೋ? ಹೋಗು ಆಚೆ."

ಅಕ್ಕ ಹೀಗೆಂದಳೆಂದು ಯಾರೂ ನಿರಾಳರಾಗಬೇಕಿಲ್ಲ. ಬರೀ ಗಾರೆ ನೀರು ಕುಡಿಯುತ್ತದೆ, ಉಬ್ಬುತ್ತದೆ, ಉದುರುತ್ತದೆ. ಉದುರುವುದು ಅವಳ ಕಾಲಡಿಗೇ.

ಆದಕಾರಣ ಸಿಮೆಂಟು ತಯಾರಿಸುವ, ಟೈಲ್ಸ್ ಸುಡುವ, ಮರಳಿಗೆ ಬೆಲೆ ಕಟ್ಟುವ ಮಹನೀಯರಲ್ಲಿಯೂ, ಅವರ ಮೇಲೆ ಕಣ್ಣಿಡಲೆಂದೇ ಸಂಬಳ ಪಡೆಯುವವರಲ್ಲಿಯೂ ಕೇಳುವುದಿಷ್ಟು. ಮನೆಯ ಗೋಡೆ ಒಡೆಯುವ ಮುನ್ನ ಹೇಳಿದ ಬೆಲೆ, ಆ ಕೆಲಸ ಮುಗಿಯುವ ದಿನದವರೆಗೆ ಕದಲಕೂಡದು. ಗೋದಾಮಿನಲ್ಲಿ ಮಲಗಿದ ಹಳೆಯ ಸರಕಿಗೆ ಹೊಸ ಬೆಲೆ ಅಂಟಿಸುವುದು ನಿಲ್ಲಬೇಕು. ಏರಿಸಲೇಬೇಕೆಂದರೆ ಕಾರಣವನ್ನು ಬರೆದು, ಕೆಳಗೆ ಸಹಿ ಹಾಕಿ, ಪ್ರತಿ ಅಂಗಡಿಯ ಬಾಗಿಲಿಗೂ ಹಚ್ಚಿರಿ. ಸಹಿ ಹಾಕುವವರು ಯಾರೆಂಬುದನ್ನು ನಾವು ಒಮ್ಮೆ ಓದಬೇಕಾಗಿದೆ.