ರುದ್ರಸ್ವಾಮಿ ತಿಕ್ಕಿದ ಹಿತ್ತಾಳೆ ಬಿಲ್ಲೆ

ಒಂಟಿಕೊಪ್ಪಲಿನ ವಕೀಲ ಕೃಷ್ಣಸ್ವಾಮಿಯವರ ಕಾರನ್ನು ರುದ್ರಸ್ವಾಮಿ ಹದಿನಾಲ್ಕು ವರ್ಷ ಓಡಿಸಿದ. ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು ಎಂದು ಅವನ ಹೆಂಡತಿ ಪ್ರೇಮಲೀಲಾ ಹೇಳುತ್ತಿದ್ದಳು, ಅದರಲ್ಲಿ ಸುಳ್ಳೇನೂ ಇಲ್ಲ. ಬಾನೆಟ್ ಎತ್ತಿದರೆ ಎಂಜಿನ್ನಿನ ಹಿಂದೆ ಬೆರಳುದ್ದದ ಒಂದು ಹಿತ್ತಾಳೆ ಬಿಲ್ಲೆ, ಅದರ ಮೇಲೆ ಕಾರ್ಖಾನೆಯವರು ಒತ್ತಿದ್ದ ಅಕ್ಷರ, ಅಂಕಿ. ರುದ್ರಸ್ವಾಮಿ ಅದನ್ನು ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ದೇವರ ಪಾತ್ರೆಯಂತೆ ತಿಕ್ಕಿ ಗಂಧ ಹಚ್ಚುತ್ತಿದ್ದ. ಆಯುಧಪೂಜೆಗೆ ಮಾತ್ರ ತಿಕ್ಕಿದ್ದರೆ ಏನೂ ಆಗುತ್ತಿರಲಿಲ್ಲವೋ ಏನೋ. ಈ ಮಹಾಶಯ ಪ್ರತಿ ಸೋಮವಾರವೂ ತಿಕ್ಕುತ್ತಿದ್ದ.

೧೯೬೨ರಲ್ಲಿ ವಕೀಲರ ಕಣ್ಣು ಮಂಜಾಯಿತು. “ಕೋರ್ಟೂ ಸಾಕು, ಕಾರೂ ಸಾಕು. ಇದನ್ನ ನೀನೇ ಇಟ್ಕೊ, ಬಾಡಿಗೆಗೆ ಓಡಿಸ್ಕೊಂಡು ಬದುಕ್ಕೊ” ಎಂದರು. ನಲವತ್ತಾರು ವಯಸ್ಸಿನ, ಸ್ಟಿಯರಿಂಗ್ ಬಿಟ್ಟರೆ ಬೇರೆ ಕಸುಬು ತಿಳಿಯದ ರುದ್ರಸ್ವಾಮಿ ಹೆಗಲ ಬಟ್ಟೆ ತೆಗೆದು ಬಾನೆಟ್ ಒರೆಸತೊಡಗಿದ. ಇನ್ನು ಉಳಿದದ್ದು ಕಾಗದಪತ್ರ ಅವನ ಹೆಸರಿಗೆ ಆಗುವುದೊಂದೇ.

ಮೋಟಾರು ಕಚೇರಿಯ ಇನ್ಸ್‌ಪೆಕ್ಟರು ಬಿಲ್ಲೆಯ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಅಂಕಿ ಮೂಡಬೇಕಾದ ಕಡೆ ಬರೀ ಬೂದು ಬಣ್ಣ ಬಂತು.

“ನಂಬರ್ ಅಳಿಸಿದ್ದು ಯಾರ್ರೀ?”

“ಅಳಿಸಿಲ್ಲ ಸಾರ್. ತೊಳೆದಿದ್ದೀನಿ.”

“ಕದ್ದ ಕಾರಿನ ನಂಬರನ್ನೇ ಹಿಂಗೆ ತೊಳೆಯೋದು. ಒಂದು ವಾರದಲ್ಲಿ ನಂಬರ್ ತೋರ್ಸಿ. ಇಲ್ದಿದ್ರೆ ಕಾರು ನಾವು ಇಟ್ಕೋತೀವಿ.”

ಚೊಕ್ಕಟವಾಗಿಟ್ಟದ್ದು ಯಾವ ಕಾನೂನಿನಲ್ಲಿ ಕಳ್ಳತನವಾಯಿತು ಎಂಬುದು ರುದ್ರಸ್ವಾಮಿಯ ತಲೆಗೆ ಹೋಗಲೇ ಇಲ್ಲ. ಕೃಷ್ಣಮೂರ್ತಿಪುರಂನಲ್ಲಿದ್ದ ಹಳೇ ಮೆಕ್ಯಾನಿಕ್ ಶಾಮಣ್ಣನ ಮನೆ ಮುಂದೆ ಕಾರು ನಿಲ್ಲಿಸಿದ.

“ಅದೇ ನಂಬರು ಅಡಿಯ ಚೌಕಟ್ಟಿನ ಮೇಲೂ ಇರುತ್ತೆ ಕಣೋ” ಎಂದ ಶಾಮಣ್ಣ. “ಅದು ನಿನ್ ಕೈಗೆ ಸಿಕ್ಕಿಲ್ಲ, ಪುಣ್ಯ.”

ಇಬ್ಬರೂ ಕಾರಿನ ಕೆಳಗೆ ನುಗ್ಗಿ ಹದಿನಾಲ್ಕು ವರ್ಷದ ಕೊಳೆ ಕೆರೆದರು. ಶಾಮಣ್ಣ ಬೆರಳಿಟ್ಟು ಓದಿದ: ಮೊದಲ ಅಕ್ಷರ ಎಂಥ ಕಾರು ಎಂಬುದಕ್ಕೆ, ಮುಂದಿನ ಅಂಕಿ ಎಂಜಿನ್ನಿನ ಬಲಕ್ಕೆ, ಕೊನೆಯ ಐದು ಅಂಕಿ ಕಾರ್ಖಾನೆಯಿಂದ ಎಷ್ಟನೆಯದಾಗಿ ಹೊರಬಂತು ಎಂಬುದಕ್ಕೆ. ಎಲ್ಲವೂ ಕಾರಿನ ನೋಂದಣಿ ಪುಸ್ತಕಕ್ಕೆ ತಾಳೆಯಾಯಿತು, ಕಟ್ಟಕಡೆಯ ಅಂಕಿಯೊಂದನ್ನು ಬಿಟ್ಟು. ಪುಸ್ತಕದಲ್ಲಿ ಎಂಟು, ಕಬ್ಬಿಣದಲ್ಲಿ ಮೂರು.

ರುದ್ರಸ್ವಾಮಿ ಮಣ್ಣಿನ ಮೇಲೆ ಹಾಗೇ ಮಲಗಿದ್ದ. ಪುಸ್ತಕದ ಕಾರು ಬೇರೆ ಎಲ್ಲೋ ಇದೆಯೇ? ಹಾಗಾದರೆ ಇಷ್ಟು ವರ್ಷ ತಾನು ಪೂಜೆ ಮಾಡಿದ್ದು ಯಾರ ಕಾರಿಗೆ? ವಕೀಲರು ಕೊಟ್ಟದ್ದು ಯಾವುದನ್ನು?

“ಕಬ್ಬಿಣಕ್ಕೆ ಅಚ್ಚೊತ್ತೋ ಪಂಚ್ ಇಟ್ಟು ಎಡಗಡೆ ಎರಡೇಟು ಹಾಕ್ಬುಟ್ರೆ ಮೂರು ಎಂಟಾಗುತ್ತೆ. ಕೆಲಸ ಮುಗೀತು” ಎಂದ ಶಾಮಣ್ಣ.

ರುದ್ರಸ್ವಾಮಿ ಹೂಂ ಎನ್ನುವುದರಲ್ಲಿದ್ದ. ಎಡಗಡೆ ಎಂದ ಕೂಡಲೇ ಅವನಿಗೆ ಕಾರು ಹೊಸದಾಗಿ ಬಂದ ದಿನ ನೆನಪಾಯಿತು. ಅವತ್ತು ಬಿಲ್ಲೆಗೆ ಬಲಗೈಯ ಹೆಬ್ಬೆಟ್ಟಿನಿಂದ ಗಂಧ ಎಳೆದಿದ್ದ, ಅದು ಕಟ್ಟಕಡೆಯ ಅಂಕಿಯ ಎಡಗಡೆಗೆ ಮೆತ್ತಿಕೊಂಡಿತ್ತು. ನಂಬರು ಬರೆದುಕೊಳ್ಳಲು ಬಂದ ಮೋಟಾರು ಕಚೇರಿಯ ಗುಮಾಸ್ತ ಬಗ್ಗಿ ನೋಡಿ ತಡವರಿಸಿದ್ದ. ಪೂಜೆಯ ಗಂಧ ಒರೆಸಲು ಕೈ ಬಾರದೆ ತನ್ನ ಕನ್ನಡಕವನ್ನೇ ಒರೆಸಿಕೊಂಡು ಬರೆದುಕೊಂಡು ಹೋಗಿದ್ದ. ಗಂಧ ಮೆತ್ತಿದ ಮೂರು ಎಂಟಾಗಿತ್ತು.

“ಬೇಡ ಶಾಮಣ್ಣ. ಏಟು ಹಾಕಿದ್ರೆ ನಿಜವಾಗ್ಲೂ ಕದ್ದಂಗಾಗುತ್ತೆ.”

ಮಾರನೆಯ ದಿನ ಇನ್ಸ್‌ಪೆಕ್ಟರ ಮುಂದೆ ನಿಂತು ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಅದು ಅವನ ಕಿವಿಗೇ ಕಟ್ಟುಕಥೆಯಂತೆ ಕೇಳಿತು. ಇನ್ಸ್‌ಪೆಕ್ಟರು ಹಳೆಯ ರಿಜಿಸ್ಟರು ತರಿಸಿ ನೋಡಿದರು. ಅಲ್ಲಿ ಎಂಟರ ಪಕ್ಕದಲ್ಲಿ ಸಣ್ಣದೊಂದು ಪ್ರಶ್ನಾರ್ಥಕ ಚಿಹ್ನೆ ಇತ್ತು. ಹೊರಗೆ ಬಂದು ಷರಟಿನ ತೋಳು ಮಡಚಿ ತಾವೇ ಕಾರಿನ ಕೆಳಗೆ ಹೋಗಿ ಪೆನ್ಸಿಲ್ ಉಜ್ಜಿದರು. ಆಮೇಲೆ ಕೂತು ಬಹಳ ಹೊತ್ತು ಬರೆದರು.

“ಓದ್ಕೊಂಡು ಸಹಿ ಹಾಕಿ.”

ಕಾಗದದಲ್ಲಿ, ನಂಬರಿನ ಕೊನೆಯ ಅಂಕಿ ಎಂಟಲ್ಲ, ಮೂರು ಎಂದೂ, ಬಿಲ್ಲೆಯ ಅಂಕಿಗಳನ್ನು ಮಾಲೀಕ ರುದ್ರಸ್ವಾಮಿಯೇ ತಿಕ್ಕಿ ಸವೆಸಿದ್ದಾನೆ ಎಂದೂ ಇತ್ತು. ಅವನು ಗಾಬರಿಯಾದ.

“ಆಗ ನಾನು ಬರೀ ಡ್ರೈವರ್ ಸಾರ್.”

“ಈಗ?”

ತಾನು ಸಹಿ ಹಾಕುತ್ತಿರುವುದು ತಪ್ಪಿಗೋ ಕಾರಿಗೋ ಎಂದು ರುದ್ರಸ್ವಾಮಿಗೆ ತಿಳಿಯಲಿಲ್ಲ. ‘ಮಾಲೀಕ’ ಎಂಬ ಮಾತನ್ನು ಮೂರು ಸಲ ಓದಿದ. ಕಣ್ಣು ತುಂಬಿಕೊಂಡು, ಸಹಿ ಗೆರೆ ಬಿಟ್ಟು ಕೆಳಗಿಳಿಯಿತು.