ಕಗ್ಗದಾಸಪುರದ ಅರವಟ್ಟಿಗೆ

ಓಟಗಾರರ ಮುಂದಿನ ತಂಗುದಾಣಕ್ಕೆ ಟೆಂಪೊದಲ್ಲಿ ಉಪ್ಪು, ನಿಂಬೆಹಣ್ಣು ಸಾಗಿಸುತ್ತಿದ್ದವನು ಕಗ್ಗದಾಸಪುರದ ಕೆರೆಯಂಚಿನಲ್ಲಿ ಇಳಿದೆ. ನಮ್ಮ ಬಡಾವಣೆಯವರು ಏರ್ಪಡಿಸಿದ, ಹಗಲಿಡೀ ನಡೆಯುವ ಕಾಲುದಾರಿಯ ಓಟ ಅಲ್ಲಿಯೇ ಹಾದುಹೋಗುತ್ತದೆ. ಹೊಂಗೆಯ ನೆರಳಿನಲ್ಲಿ ಊರಿನ ಮುನಿಯಮ್ಮನವರು ಅರವಟ್ಟಿಗೆ ಇಟ್ಟಿದ್ದರು; ಮಡಕೆಯಲ್ಲಿ ಮಜ್ಜಿಗೆ ಕಂಠದವರೆಗೂ ಹಾಗೆಯೇ ಇತ್ತು. ಬೇಸಿಗೆಯಲ್ಲಿ ಕೆಟ್ಟ ನೀರಿನಿಂದ ಹರಡುವ ಕಾಯಿಲೆಗೆ ಅಂಜಿದ ನಮ್ಮ ಸಮಿತಿ, ಹೊರಗಿನವರು ಕೊಟ್ಟದ್ದನ್ನು ಕುಡಿಯಬಾರದೆಂದು ಓಟಗಾರರಿಗೆ ನಿಯಮ ವಿಧಿಸಿತ್ತು.

“ಅಜ್ಜಿ, ಕುಡಿದ್ರೆ ಓಟದಿಂದ ಆಚೆ ಹಾಕ್ತಾರೆ!” ಎಂದು ಒಬ್ಬ ಕೈಮುಗಿದು ಓಡಿದ.

“ಹೋದ ಬೇಸಿಗೇಲಿ ನನ್ ಮಗ ತೀರ್ಕೊಂಡ, ಸಾರ್. ಅವನ ಹೆಸರಲ್ಲಿ ಇಟ್ಟಿದೀನಿ. ಒಬ್ರೂ ಮುಟ್ತಿಲ್ಲ” ಎಂದರು ಮುನಿಯಮ್ಮ.

ನಾನೇ ಲೋಟ ತುಂಬಿಸಿಕೊಂಡು ಕುಡಿದೆ. “ನಿಮ್ಮ ಮಗನಿಗೆ ಸಂದಿತು, ತಾಯಿ” ಎಂದೆ.

ಅವರು ಒಪ್ಪಲಿಲ್ಲ. “ನೀವು ಗಾಡೀಲಿ ಬಂದ್ರಲ್ಲಾ ಸಾರ್. ದಣಿದು ಬಂದೋರು ಕುಡಿದ್ರೇನೇ ಅವನಿಗೆ ಸೇರೋದು.”

ದೂರದಲ್ಲಿ ಇನ್ನೊಬ್ಬ ಓಟಗಾರ ಕಾಣಿಸಿದ. ಮುನಿಯಮ್ಮ ಲೋಟ ಹಿಡಿದು ದಾರಿಯ ನಡುವೆ ನಿಂತರು.

“ಕುಡಿಯಪ್ಪಾ, ನಾನು ಹೇಳುತ್ತಿದ್ದೇನೆ” ಎಂದೆ.

ಅವನು ನನ್ನ ಎದೆಯ ಮೇಲಿನ ಸಮಿತಿಯ ಬಿಲ್ಲೆಯನ್ನು ನೋಡಿ ನಕ್ಕ. “ಟೆಸ್ಟ್ ಮಾಡ್ತಿದೀರಾ ಸಾರ್?” ಎಂದು, ಒಣಗಿದ ತುಟಿಯನ್ನು ಸವರಿಕೊಂಡು, ಮುನಿಯಮ್ಮನವರ ಪಕ್ಕದಿಂದ ಹಾದು ಓಡಿಹೋದ.